ಎಲುಬಿಲ್ಲದ ನಾಲಿಗೆ ಮತ್ತು 24 ವಾರದ ಲೆಕ್ಕ

ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ನಮ್ಮ ಕುಂಬಳೆ, ಬದಿಯಡ್ಕದ ಮನೆಗಳಲ್ಲಿ ರಾತ್ರಿ ಊಟದ ಹೊತ್ತಿಗೆ ಒಂದೇ ಟಿವಿಯಲ್ಲಿ ಎರಡು ರಾಜ್ಯಗಳ ವಾರ್ತೆ ಓಡುತ್ತದೆ. ಮೊದಲು ಮಲಯಾಳ, ಆಮೇಲೆ ಕನ್ನಡ. ಹಾಗಾಗಿ ಅತ್ಯಾಚಾರದ ಬಗ್ಗೆ ರಾಜಕಾರಣಿಗಳ ನಾಲಿಗೆ ಜಾರಿದ್ದೂ ನಮಗೆ ಡಬಲ್ ಸಿಗುತ್ತದೆ. ಆ ಮಾತುಗಳಿಗೂ ಗರ್ಭಪಾತಕ್ಕೆ ಕಾನೂನು ಕೊಡುವ 24 ವಾರಕ್ಕೂ ನಂಟಿದೆ.

2020ರ ನವೆಂಬರ್ 1. ತಲಪಾಡಿ ಗಡಿಯ ಆಚೆ ಕರ್ನಾಟಕ ರಾಜ್ಯೋತ್ಸವ, ಈಚೆ ಕೇರಳ ಹುಟ್ಟಿದ ದಿನ, ಕೇರಳಪ್ಪಿರವಿ. ಅವತ್ತು ತಿರುವನಂತಪುರದ ಪ್ರತಿಭಟನೆಯಲ್ಲಿ ಕೇರಳ ಪ್ರದೇಶ ಕಾಂಗ್ರೆಸ್ ಸಮಿತಿಯ ಆಗಿನ ಅಧ್ಯಕ್ಷ ಮುಲ್ಲಪ್ಪಳ್ಳಿ ರಾಮಚಂದ್ರನ್ ಮಾತಾಡಿದರು. ಸ್ವಾಭಿಮಾನವಿರುವ ಹೆಣ್ಣು ಅತ್ಯಾಚಾರವಾದರೆ ಒಂದೋ ಸಾಯುತ್ತಾಳೆ, ಇಲ್ಲವೇ ಮತ್ತೆ ಹಾಗಾಗದಂತೆ ನೋಡಿಕೊಳ್ಳುತ್ತಾಳೆ ಎಂಬರ್ಥದ ಮಾತು. ಗಲಾಟೆಯಾಯಿತು, ವಿಷಾದ ಹೇಳಿದರು.

ಮರುವರ್ಷ ಡಿಸೆಂಬರ್ 16ಕ್ಕೆ ಬೆಳಗಾವಿ ಅಧಿವೇಶನದ ಸರದಿ. ಸದಸ್ಯರು ಮಾತಾಡಲು ಸಮಯ ಕೇಳುತ್ತಿದ್ದರು. ಅತ್ಯಾಚಾರದ ಸುದ್ದಿಯೇ ಅಲ್ಲಿರಲಿಲ್ಲ. ಅದರ ನಡುವೆ ಮಾಜಿ ಸ್ಪೀಕರ್ ರಮೇಶ್ ಕುಮಾರ್, ಅತ್ಯಾಚಾರ ತಪ್ಪಿಸಿಕೊಳ್ಳಲಾಗದಿದ್ದರೆ ಮಲಗಿ ಸುಖಿಸು ಎಂಬ ಇಂಗ್ಲಿಷ್ ಮಾತೊಂದನ್ನು ಎತ್ತಿ ಹೇಳಿದರು. ಪೀಠದಲ್ಲಿದ್ದ ಸ್ಪೀಕರ್ ಕಾಗೇರಿ ನಕ್ಕರು. ಮರುದಿನ ಸದನದಲ್ಲಿ ಕ್ಷಮೆ. ಅಲ್ಲಿಗೆ ಮುಗಿಯಿತು.

ಒಬ್ಬರು ಸಾಯುತ್ತಾಳೆ ಅಂದರು, ಇನ್ನೊಬ್ಬರು ಸುಖಪಡು ಎಂಬ ಮಾತನ್ನು ತಮಾಷೆಗೆ ತಂದರು. ಬೇರೆ ಬೇರೆ ಪಕ್ಷದವರೂ ಅಲ್ಲ, ಇಬ್ಬರೂ ಕಾಂಗ್ರೆಸ್ಸಿನವರೇ! ಹಾಗಂತ ಇದು ಒಂದು ಪಕ್ಷದ ಕಾಯಿಲೆಯೇನೂ ಅಲ್ಲ. ‘ಹುಡುಗರು, ತಪ್ಪಾಗುತ್ತದೆ’ ಅಂತ 2014ರಲ್ಲಿ ಸಮಾಜವಾದಿ ಪಕ್ಷದ ಮುಲಾಯಂ ಸಿಂಗ್ ಯಾದವ್ ಹೇಳಿದ್ದು ಯಾರಿಗೆ ನೆನಪಿಲ್ಲ?

ಇಂಥ ಮಾತುಗಳಲ್ಲಿ ಬಸಿರಿನ ವಿಷಯಕ್ಕೇ ಕೈ ಹಾಕಿದ್ದು ಅಮೆರಿಕದ ಟಾಡ್ ಅಕಿನ್. 2012ರ ಆಗಸ್ಟ್, ಮಿಸ್ಸೌರಿ ರಾಜ್ಯದಿಂದ ಸೆನೆಟ್‌ಗೆ, ಅಂದರೆ ಅಲ್ಲಿನ ಸಂಸತ್ತಿನ ಮೇಲ್ಮನೆಗೆ, ಚುನಾವಣೆ. ಅಕಿನ್ ಅಭ್ಯರ್ಥಿ. ‘ನಿಜವಾದ’ ಅತ್ಯಾಚಾರವಾಗಿದ್ದರೆ ಹೆಣ್ಣಿನ ದೇಹವೇ ಬಸಿರನ್ನು ತಡೆಯುತ್ತದೆ ಎಂದುಬಿಟ್ಟರು. ಎರಡು ತಿಂಗಳ ಬಳಿಕ ಇಂಡಿಯಾನಾ ರಾಜ್ಯದ ಸೆನೆಟ್ ಅಭ್ಯರ್ಥಿ ರಿಚರ್ಡ್ ಮರ್ಡಾಕ್, ಅತ್ಯಾಚಾರದಿಂದ ಬಂದ ಬಸಿರೂ ದೇವರ ಇಚ್ಛೆ ಅಂದರು. ಇಬ್ಬರೂ ಸೋತರು.

ಅಕಿನ್ ಹೇಳಿದ್ದು ಅವರ ತಲೆಯಲ್ಲೇ ಹುಟ್ಟಿದ್ದಲ್ಲ. ಹೆಣ್ಣಿಗೂ ಸುಖ ಸಿಕ್ಕರೆ ಮಾತ್ರ ಬಸಿರು ನಿಲ್ಲುತ್ತದೆ ಅಂತ ಯುರೋಪಿನ ಹಳೇ ವೈದ್ಯರು ನಂಬಿದ್ದರು. 1290ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬರೆದ ‘ಫ್ಲೀಟಾ’ ಎಂಬ ಕಾನೂನು ಗ್ರಂಥದಲ್ಲಿ ಅದೇ ನಂಬಿಕೆ ನಿಯಮವಾಗಿ ಕೂತಿತು. ಬಸಿರಾದಳಾ, ಹಾಗಾದರೆ ಒಪ್ಪಿದ್ದಳು. ವಿಜ್ಞಾನ ಇದನ್ನು ಯಾವತ್ತೋ ಬಿಟ್ಟಿದೆ. ಹೆರುವ ವಯಸ್ಸಿನವರಲ್ಲಿ ಒಂದು ಅತ್ಯಾಚಾರದಿಂದ ಬಸಿರಾಗುವ ಸಾಧ್ಯತೆ ಶೇ. 5 ಎಂದು 1996ರ ಅಮೆರಿಕದ ಅಧ್ಯಯನವೊಂದು ಲೆಕ್ಕ ಹಾಕಿತ್ತು.

ಅಕಿನ್ ಸೋತರೂ 2022ರ ಜೂನ್ 24ರಂದು ಅಲ್ಲಿನ ಸುಪ್ರೀಂ ಕೋರ್ಟ್ ಗರ್ಭಪಾತದ ಹಕ್ಕನ್ನು ತೆಗೆದುಹಾಕಿತು. ಅದೇ ದಿನ ಮಿಸ್ಸೌರಿಯಲ್ಲಿ ನಿಷೇಧ ಜಾರಿ. ಅತ್ಯಾಚಾರವಾದವರಿಗೂ ವಿನಾಯಿತಿ ಇರಲಿಲ್ಲ.

ನಮ್ಮ ಕಾನೂನು ಈ ವಿಷಯದಲ್ಲಿ ಮೊದಲೇ ಎಚ್ಚರಾಗಿತ್ತು. ಅತ್ಯಾಚಾರದ ಬಸಿರು ಹೆಣ್ಣಿನ ಮನಸ್ಸಿಗೆ ದೊಡ್ಡ ಗಾಯ ಅಂತಲೇ ಭಾವಿಸಬೇಕು ಎಂದು 1971ರ ಗರ್ಭಪಾತ ಕಾಯ್ದೆಯಲ್ಲೇ ಬರೆದಿದೆ. ಆಗ ಮಿತಿ 20 ವಾರ. 2021ರ ತಿದ್ದುಪಡಿಯಿಂದ ಅತ್ಯಾಚಾರವಾದವರಿಗೆ, 18 ತುಂಬದವರಿಗೆ 24 ವಾರ. 20 ದಾಟಿದರೆ ಇಬ್ಬರು ಡಾಕ್ಟರು ಒಪ್ಪಬೇಕು. ದೊಡ್ಡವಳಾದರೆ ಅವಳ ಒಪ್ಪಿಗೆಯೊಂದೇ ಸಾಕು. ಗಂಡನದ್ದೂ ಬೇಡ, ಅಪ್ಪನದ್ದೂ ಬೇಡ.

24 ವಾರ ಅಂದರೆ ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಶುರುವಾಗುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಈ ತಿಂಗಳದ್ದು ಆಗಿಲ್ಲ ಅಂತ ಗೊತ್ತಾಗುವಾಗಲೇ ನಾಲ್ಕು ವಾರ ಹೋಗಿರುತ್ತದೆ. ಮುಟ್ಟು ಸರಿಯಾಗಿ ಬಾರದ ಹದಿನಾಲ್ಕರ ಹುಡುಗಿಗೆ ಅದೂ ಗೊತ್ತಾಗುವುದಿಲ್ಲ. ಗೊತ್ತಾದ ಮೇಲೆ ಅಮ್ಮನಿಗೆ ಹೇಳಬೇಕು. ಮರ್ಯಾದೆ ಇರುವವಳು ಸಾಯುತ್ತಾಳೆ ಅಂತ ಟಿವಿಯಲ್ಲೇ ಕೇಳಿದ ಮನೆಯಲ್ಲಿ ಅವಳು ಬಾಯಿ ಬಿಡುವುದು ಹೇಗೆ? ಮುಚ್ಚಿಡುತ್ತಾಳೆ. ಅಮ್ಮನಿಗೆ ಗೊತ್ತಾದರೆ ಅವರೂ ಸ್ವಲ್ಪ ದಿನ ಮುಚ್ಚಿಡುತ್ತಾರೆ. ಇಲ್ಲಿ ಬೇಡ, ಮಂಗಳೂರಿಗೆ ಹೋಗುವ, ಅಲ್ಲಿ ಯಾರಿಗೂ ಗುರುತಿಲ್ಲ ಅನ್ನುತ್ತಾರೆ. ಹುಡುಗಿಗೆ 18 ಆಗದಿದ್ದರೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ಸುದ್ದಿ ಹೋಗಲೇಬೇಕು. ಆ ಹೆದರಿಕೆಗೆ ಇನ್ನೆರಡು ವಾರ.

24 ದಾಟಿತೋ, ಹೈಕೋರ್ಟಿಗೇ ಹೋಗಬೇಕು. ನಮಗೆ ಅದು ಎರ್ನಾಕುಳಂನಲ್ಲಿ, ಕಾಸರಗೋಡಿನಿಂದ 350 ಕಿ.ಮೀ.ಗೂ ಜಾಸ್ತಿ. ಕೋರ್ಟು ಮೆಡಿಕಲ್ ಬೋರ್ಡಿನ ವರದಿ ಕೇಳುತ್ತದೆ. ವರದಿ ಬರುವಷ್ಟರಲ್ಲಿ ಇನ್ನಷ್ಟು ದಿನ. ಇಷ್ಟು ತಡ ಯಾಕಾಯಿತು ಅಂತ ಅರ್ಜಿಯಲ್ಲಿ ವಿವರಿಸಬೇಕಾದವಳೂ ಅವಳೇ.