ಪರಿಹಾರ: ಪದ ಒಂದು, ಅರ್ಥ ಎರಡು

ಕಳೆದ ಮಳೆಗಾಲದ ಕೊನೆಗೆ ಹೆಣ್ಣುಮಗಳೊಬ್ಬರು ನನ್ನ ಕಚೇರಿಗೆ ಬಂದು ಪ್ಲಾಸ್ಟಿಕ್ ಕವರಿನಿಂದ ಮೂರು ಕಾಗದಗಳನ್ನು ತೆಗೆದು ಮೇಜಿನ ಮೇಲಿಟ್ಟರು: ಚೆಕ್ಕಿನ ಜೆರಾಕ್ಸ್, ಆ ಚೆಕ್ ಹಸ್ತಾಂತರದ ಫೋಟೊ ಅಚ್ಚಾಗಿದ್ದ ಪತ್ರಿಕೆಯ ತುಣುಕು ಮತ್ತು ಅವರೇ ಸಹಿ ಹಾಕಿಕೊಟ್ಟಿದ್ದ ರಸೀದಿಯ ಪ್ರತಿ. ಹೊಲದ ಬದುವಿನಲ್ಲಿ ಹರಿದು ಬಿದ್ದಿದ್ದ ವಿದ್ಯುತ್ ತಂತಿಯನ್ನು ತುಳಿದು ಅವರ ಗಂಡ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ರಸೀದಿಯಲ್ಲಿ ‘ಅನುಗ್ರಹಪೂರ್ವಕ ಪರಿಹಾರವನ್ನು ಪೂರ್ಣ ಹಾಗೂ ಅಂತಿಮವಾಗಿ ಸ್ವೀಕರಿಸಿರುತ್ತೇನೆ’ ಎಂದಿತ್ತು. ‘ಪರಿಹಾರ ಬಂತಲ್ಲ ಸರ್, ಇನ್ನು ಕೇಸ್ ಹಾಕೋಕೆ ಬರಲ್ಲ ಅಂತಾರೆ, ಹೌದಾ?’ ಎಂದು ಕೇಳಿದರು.

ಗೊಂದಲ ಅವರೊಬ್ಬರದಲ್ಲ. ಸರ್ಕಾರ ಕನಿಕರದಿಂದ ಕೊಡುವ ಹಣಕ್ಕೂ, ತನ್ನ ತಪ್ಪಿಗಾಗಿ ತೆರಲೇಬೇಕಾದ ಹಣಕ್ಕೂ ಕನ್ನಡದಲ್ಲಿ ನಾವು ‘ಪರಿಹಾರ’ ಎಂಬ ಒಂದೇ ಪದವನ್ನು ಬಳಸುತ್ತೇವೆ. ಮೊದಲನೆಯದನ್ನು ಕೊಡುವಾಗ ಯಾರೂ ಯಾವ ತಪ್ಪನ್ನೂ ಒಪ್ಪಿಕೊಂಡಿರುವುದಿಲ್ಲ. ಎರಡನೆಯದು ತಪ್ಪು ನಡೆದಿದೆ ಎಂಬ ತೀರ್ಮಾನದಿಂದಲೇ ಹುಟ್ಟುತ್ತದೆ. ಆ ರಸೀದಿಯ ಸಹಿಯಿಂದ ಹಕ್ಕು ತಾನಾಗಿ ಅಳಿದುಹೋಗುವುದಿಲ್ಲ ಎಂದು ವಾದಿಸಬಹುದು, ವಾದಿಸುತ್ತೇವೆ ಕೂಡ. ಆದರೂ ‘ಹಕ್ಕುಗಳನ್ನು ಕಾಯ್ದಿರಿಸಿ ಸ್ವೀಕರಿಸಿದ್ದೇನೆ’ ಎಂದು ಸಹಿಯ ಮೇಲೆ ಒಂದು ಸಾಲು ಬರೆದಿದ್ದರೆ ಆ ವಾದದ ಶ್ರಮವೇ ಉಳಿಯುತ್ತಿತ್ತು.

ಸರ್ಕಾರವನ್ನು ಹೊಣೆಗಾರನನ್ನಾಗಿಸುವ ದಾರಿ ಮೊದಲಿನಿಂದಲೂ ತೆರೆದಿರಲಿಲ್ಲ. ಮೀರತ್‌ನ ಪೊಲೀಸರು ವಶಪಡಿಸಿಕೊಂಡಿದ್ದ ಚಿನ್ನವನ್ನು ಠಾಣೆಯ ಹೆಡ್ ಕಾನ್‌ಸ್ಟೆಬಲ್ ಹೊತ್ತುಕೊಂಡು ಪಾಕಿಸ್ತಾನಕ್ಕೆ ಓಡಿಹೋದ ಪ್ರಕರಣದಲ್ಲಿ, ಅದು ಸಾರ್ವಭೌಮ ಅಧಿಕಾರದ, ಅಂದರೆ ಆಳುವ ಪ್ರಭುತ್ವಕ್ಕಷ್ಟೇ ಇರುವ ಅಧಿಕಾರದ ಚಲಾವಣೆಯಲ್ಲಿ ನಡೆದದ್ದಾದ್ದರಿಂದ ಸರ್ಕಾರ ಹಣ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 1964ರಲ್ಲಿ ಹೇಳಿತ್ತು. ಆದರೆ 1968ರಲ್ಲೇ ಖುಲಾಸೆಯಾದರೂ 1982ರವರೆಗೆ ಬಿಹಾರದ ಜೈಲಿನಲ್ಲೇ ಕೊಳೆತ ರುದುಲ್ ಸಾಹ್ ಅವರಿಗೆ ಅದೇ ನ್ಯಾಯಾಲಯ 1983ರಲ್ಲಿ, ಮೊದಲು ಸಂದಾಯವಾಗಿದ್ದ 5,000 ರೂಪಾಯಿ ಅಲ್ಲದೆ 30,000 ರೂಪಾಯಿ ಕೊಡಿಸಿತು. ಇಷ್ಟರಿಂದ ಸಿವಿಲ್ ದಾವೆಯ ಹಕ್ಕು ಮುಗಿಯುವುದಿಲ್ಲ ಎಂದೂ ಸ್ಪಷ್ಟಪಡಿಸಿತು. ಒಡಿಶಾದಲ್ಲಿ ಪೊಲೀಸ್ ವಶದಲ್ಲಿದ್ದ ಮಗನ ಶವ ರೈಲು ಹಳಿಯ ಮೇಲೆ ಸಿಕ್ಕಾಗ ನೀಲಾವತಿ ಬೆಹೆರಾ ಎಂಬ ತಾಯಿ ಬರೆದ ಪತ್ರವನ್ನೇ ರಿಟ್ ಅರ್ಜಿಯಾಗಿ (ಹಕ್ಕಿನ ರಕ್ಷಣೆಗೆ ನೇರವಾಗಿ ಹೈಕೋರ್ಟ್ ಇಲ್ಲವೇ ಸುಪ್ರೀಂ ಕೋರ್ಟಿಗೆ ಸಲ್ಲಿಸುವ ಅರ್ಜಿ) ಪರಿಗಣಿಸಿ 1993ರಲ್ಲಿ ಕೊಟ್ಟ ತೀರ್ಪು, ಮೂಲಭೂತ ಹಕ್ಕಿನ ಉಲ್ಲಂಘನೆಯಾದಲ್ಲಿ ಸಾರ್ವಭೌಮತ್ವದ ಗುರಾಣಿ ನಡೆಯದು ಎಂಬುದನ್ನು ನೆಲೆಗೊಳಿಸಿತು.

ವಿದ್ಯುತ್ ಅವಘಡಗಳಲ್ಲಿ ನಮಗೆ ಹೆಚ್ಚು ಒದಗಿಬರುವುದು 2002ರ ಶೈಲ್ ಕುಮಾರಿ ತೀರ್ಪು. ಮಧ್ಯಪ್ರದೇಶದಲ್ಲಿ ಮಳೆಯ ರಾತ್ರಿ ಸೈಕಲ್‌ನಲ್ಲಿ ಮನೆಗೆ ಹೊರಟಿದ್ದವರು ರಸ್ತೆಯ ಮೇಲೆ ಬಿದ್ದಿದ್ದ ತಂತಿ ತಗುಲಿ ಸತ್ತಿದ್ದರು. ಯಾರೋ ಕದ್ದು ಕರೆಂಟ್ ಎಳೆದುಕೊಂಡಿದ್ದ ತಂತಿ ಅದು, ತಪ್ಪು ನಮ್ಮದಲ್ಲ ಎಂದು ವಿದ್ಯುತ್ ಮಂಡಳಿ ವಾದಿಸಿತು. ಅಪಾಯಕಾರಿ ವಸ್ತುವನ್ನು ಪೂರೈಸುವವನು ನಿರ್ಲಕ್ಷ್ಯವಿರಲಿ ಬಿಡಲಿ ಹೊಣೆ ಹೊರಬೇಕು ಎಂದು ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು.

ಹಾಗಾದರೆ ನೇರವಾಗಿ ಹೈಕೋರ್ಟಿಗೇ ಹೋಗಬಹುದಲ್ಲ ಎಂದು ಕಕ್ಷಿದಾರರು ಕೇಳುತ್ತಾರೆ. ಘಟನೆಯ ಸಂಗತಿಗಳನ್ನೇ ಎದುರು ಪಕ್ಷ ಅಲ್ಲಗಳೆದರೆ ರಿಟ್ ಅರ್ಜಿ ನಿಲ್ಲುವುದು ಕಷ್ಟ; ಸಾಕ್ಷ್ಯ ನುಡಿಸಬೇಕಾದದ್ದು ಸಿವಿಲ್ ನ್ಯಾಯಾಲಯದಲ್ಲಿ ಎಂದು ಹಿಂದಕ್ಕೆ ಕಳುಹಿಸುತ್ತಾರೆ. ಅಲ್ಲಿ ಮರಣದ ದಿನದಿಂದ 2 ವರ್ಷದೊಳಗೆ ದಾವೆ ಹೂಡಬೇಕು. ಪ್ರತಿವಾದಿ ಸರ್ಕಾರವೇ ಆಗಿದ್ದರೆ ಅದಕ್ಕೆ 2 ತಿಂಗಳ ಮೊದಲೇ ಲಿಖಿತ ನೋಟಿಸ್ ಕೊಟ್ಟಿರಬೇಕು. ಅನುಗ್ರಹದ ಎರಡನೇ ಕಂತಿಗೆ ಕಾಯುತ್ತಲೇ ಈ ಅವಧಿಯನ್ನು ಕಳೆದುಕೊಂಡವರನ್ನು ನಾನು ಬಹಳ ನೋಡಿದ್ದೇನೆ.

ನಿಜಕ್ಕೂ ಮೊಕದ್ದಮೆಯ ಹಣೆಬರಹ ಮೊದಲ ವಾರದಲ್ಲೇ ಬರೆದುಹೋಗಿರುತ್ತದೆ. ಪೊಲೀಸರು ಯುಡಿಆರ್ (ಅಸ್ವಾಭಾವಿಕ ಸಾವಿನ ವರದಿ) ದಾಖಲಿಸಿ ಮಹಜರು ಮಾಡುವಾಗ ತಂತಿ ಎಲ್ಲಿತ್ತು, ಕಂಬ ಎಷ್ಟು ವಾಲಿತ್ತು ಎಂಬುದು ಕಾಗದಕ್ಕೆ ಬಂದಿದೆಯೇ ಎಂದು ಮನೆಯವರಲ್ಲೊಬ್ಬರು ನಿಂತು ನೋಡಬೇಕು, ಏಕೆಂದರೆ ಮರುದಿನ ಹೊತ್ತು ಮುಳುಗುವುದರೊಳಗೆ ಹೊಸ ತಂತಿ ಎಳೆದಾಗಿರುತ್ತದೆ. ಈ ವಿಷಯದಲ್ಲಿ ಇಲಾಖೆಗಳ ಚುರುಕುತನವನ್ನು ಮೆಚ್ಚಲೇಬೇಕು. ವಿದ್ಯುತ್ ಪರಿವೀಕ್ಷಕರ ವರದಿಯನ್ನು ಮಾಹಿತಿ ಹಕ್ಕಿನಡಿ ಕೇಳಬೇಕು. ವಿದ್ಯುತ್ ಸಹಾಯವಾಣಿ ಸಂಖ್ಯೆ 1912ಕ್ಕೆ ಅವಘಡಕ್ಕೂ ಮೊದಲೇ ಯಾರಾದರೂ ದೂರು ಕೊಟ್ಟಿದ್ದರೆ ಅದರ ಸಂಖ್ಯೆಯನ್ನು ಹುಡುಕಬೇಕು. ಮೇಲಿನ ಹೆಣ್ಣುಮಗಳ ಪ್ರಕರಣದಲ್ಲಿ ಅಂಥದೊಂದು ಸಂಖ್ಯೆ ಪಕ್ಕದ ಹೊಲದವರ ಮೊಬೈಲ್ ಸಂದೇಶದಲ್ಲಿ ಉಳಿದುಕೊಂಡಿತ್ತು. ಅದು ಸಾವಿಗೆ 19 ದಿನ ಮುಂಚಿನದು.

ಉಳಿದದ್ದು ಹೊಣೆಗಾರಿಕೆಯ ಪ್ರಶ್ನೆ. ಗೆದ್ದರೂ ಹಣ ಬರುವುದು ಸಾರ್ವಜನಿಕ ಬೊಕ್ಕಸದಿಂದ. ಅಮಾನತಾಗುವುದು ಸಾಮಾನ್ಯವಾಗಿ ಲೈನ್‌ಮನ್, ತಂತಿ ಬದಲಿಸುವ ಕಡತವನ್ನು ಮೇಜಿನ ಮೇಲಿಟ್ಟುಕೊಂಡು ಕೂತವರಲ್ಲ. ಅಧಿಕಾರಿಯ ಬೇಜವಾಬ್ದಾರಿತನದಿಂದ ನಾಗರಿಕನಿಗಾದ ಕಿರುಕುಳಕ್ಕೆ ಕೊಡಿಸಿದ ಹಣವನ್ನು ಆ ಅಧಿಕಾರಿಯಿಂದಲೇ ವಸೂಲು ಮಾಡಬೇಕೆಂದು ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದ್ದರೂ, ನಮ್ಮ ವಾದಪತ್ರಗಳಲ್ಲಿ ಅದನ್ನು ಕೇಳುವವರು ವಿರಳ. ನಾವು ಈ ಬಾರಿ ಕೇಳಿದ್ದೇವೆ. ದೂರು ತಲುಪಿದ ಮೇಲೆ ಆ 19 ದಿನ ಕಡತ ಯಾರ ಬಳಿಯಿತ್ತು ಎಂಬುದನ್ನು ಹೆಸರು, ಹುದ್ದೆ ಸಹಿತ ತಿಳಿಸುವಂತೆ ಸಲ್ಲಿಸಿದ ಅರ್ಜಿಗೆ ಎದುರು ಪಕ್ಷದ ವಕೀಲರು ಎರಡು ಸಲ ಕಾಲಾವಕಾಶ ಪಡೆದಿದ್ದಾರೆ.