ತಂತಿ ಇಲ್ಲದ ಟೆಲಿಗ್ರಾಫ್: ಕ್ಲೋದ್ ಶಾಪ್‌ನ ಮರದ ತೋಳುಗಳು

ಟೆಲಿಗ್ರಾಫ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಮೋರ್ಸ್. ಅವನ ವಾಷಿಂಗ್ಟನ್–ಬಾಲ್ಟಿಮೋರ್ ಲೈನ್ ಶುರುವಾದದ್ದು 1844ರಲ್ಲಿ. ಅದಕ್ಕೂ 50 ವರ್ಷ ಮೊದಲೇ, 1794ರಲ್ಲಿ, ಪ್ಯಾರಿಸ್‌ನಿಂದ ಸುಮಾರು 200 ಕಿ.ಮೀ. ದೂರದ ಲಿಲ್ ಊರಿಗೆ ಟೆಲಿಗ್ರಾಫ್ ಓಡುತ್ತಿತ್ತು. ವಿದ್ಯುತ್ತೂ ಇಲ್ಲ, ತಂತಿಯೂ ಇಲ್ಲ.

ಇದನ್ನು ರೂಪಿಸಿದವನು ಕ್ಲೋದ್ ಶಾಪ್. ಅಣ್ಣತಮ್ಮಂದಿರೂ ಜೊತೆಗಿದ್ದರು. ಇನ್ಯಾಸ್ ಎಂಬ ಸಹೋದರ ಶಾಸನಸಭೆಯ ಸದಸ್ಯನಾಗಿದ್ದದ್ದು ಯೋಜನೆಗೆ ಅನುಕೂಲವಾಯಿತು. ಫ್ರೆಂಚ್ ಕ್ರಾಂತಿಯ ಸರ್ಕಾರಕ್ಕೆ ಆಗ ಗಡಿಯಲ್ಲಿ ಯುದ್ಧ. ಅಲ್ಲಿಂದ ಬೇಗ ಸುದ್ದಿ ಬೇಕಿತ್ತು. 1794ರ ಆಗಸ್ಟ್‌ನಲ್ಲಿ ಕೊಂಡೆ ಪಟ್ಟಣ ಶತ್ರುಗಳಿಂದ ಮತ್ತೆ ಕೈಗೆ ಬಂದ ಸುದ್ದಿ ಇದೇ ದಾರಿಯಲ್ಲಿ ಪ್ಯಾರಿಸ್ ಮುಟ್ಟಿತು.

ಯಂತ್ರ ತುಂಬ ಸರಳ. ಗೋಪುರದ ಮೇಲೆ ಒಂದು ಉದ್ದನೆಯ ಮರದ ಪಟ್ಟಿ, ಅದರ ಎರಡು ತುದಿಗೆ ಒಂದೊಂದು ಚಿಕ್ಕ ತೋಳು. ಪ್ರತಿ ತೋಳಿಗೆ 7 ಭಂಗಿ, ನಡುವಿನ ಪಟ್ಟಿಗೆ ಅಡ್ಡ ಮತ್ತು ನೆಟ್ಟಗೆ ಎಂದು 2. ಗುಣಿಸಿ ನೋಡಿ: 7×7×2, ಅಂದರೆ 98 ಸಂಕೇತ. ಪ್ರತಿ 10–15 ಕಿ.ಮೀ.ಗೆ ಒಂದು ಗೋಪುರ. ಅಲ್ಲಿಯವನು ದುರ್ಬೀನಿನಲ್ಲಿ ಹಿಂದಿನ ಗೋಪುರ ನೋಡಿ ಅದೇ ಭಂಗಿ ಹಾಕಬೇಕು. ಮುಂದಿನವನು ಸರಿಯಾಗಿ ಹಾಕಿದನೋ ಇಲ್ಲವೋ ಎಂದೂ ನೋಡಬೇಕು.

ಯಂತ್ರಕ್ಕಿಂತ ಜಾಸ್ತಿ ಗಮನ ಕೊಡಬೇಕಾದ್ದು ಅದರ ನಿಯಮಗಳಿಗೆ. 98ರಲ್ಲಿ 6 ಸಂಕೇತ ಲೈನ್ ನಡೆಸುವುದಕ್ಕೇ ಮೀಸಲು. ಉಳಿದ 92 ಸುದ್ದಿಗೆ. ಆದರೆ ಅಕ್ಷರಕ್ಕೊಂದು ಸಂಕೇತ ಅಂತಲ್ಲ! ಕೋಡ್ ಪುಸ್ತಕದಲ್ಲಿ 92 ಪುಟ, ಪುಟಕ್ಕೆ 92 ಪದ. ಮೊದಲ ಸಂಕೇತ ಪುಟ ಹೇಳುತ್ತದೆ, ಎರಡನೆಯದು ಪದ. ಬರೀ ಎರಡು ಭಂಗಿಯಲ್ಲಿ 8,464 ಪದಗಳಲ್ಲಿ ಬೇಕಾದ್ದು ಸಿಗುತ್ತದೆ. ಪುಸ್ತಕ ಇರುತ್ತಿದ್ದದ್ದು ಮೇಲಧಿಕಾರಿಗಳ ಕೈಯಲ್ಲಿ. ನಡುವಿನ ಗೋಪುರದವನಿಗೆ ತಾನು ಏನು ಸಾಗಿಸುತ್ತಿದ್ದೇನೆ ಎಂಬುದೇ ಗೊತ್ತಿಲ್ಲ. ಇಂದಿನ ಕಂಪ್ಯೂಟರ್ ನೆಟ್‌ವರ್ಕ್ ಪಾಠ ಓದುವವರಿಗೆ ಇದೆಲ್ಲ ಪರಿಚಿತ ಅನಿಸುತ್ತದೆ, ಅಲ್ವಾ?

ಮಂಜು, ಮಳೆ, ಕತ್ತಲೆ ಬಂದರೆ ಕೆಲಸ ಬಂದ್. ಸಾಮಾನ್ಯ ಜನರಿಗಂತೂ ಈ ಸೇವೆ ಇರಲೇ ಇಲ್ಲ. ಅಲ್ಲೇ ಒಂದು ಸ್ವಾರಸ್ಯದ ಮೋಸ ಹುಟ್ಟಿತು.

ಬೋರ್ದೋ ಊರಿನ ಬ್ಲಾಂ ಸಹೋದರರು ಬಾಂಡ್ (ಸರ್ಕಾರಿ ಸಾಲಪತ್ರ) ವ್ಯಾಪಾರಿಗಳು. ಪ್ಯಾರಿಸ್ ಪೇಟೆಯ ಬೆಲೆ ಅಂಚೆಗಾಡಿಯಲ್ಲಿ ಬೋರ್ದೋಗೆ ಬರಲು ದಿನಗಟ್ಟಲೆ ಹಿಡಿಯುತ್ತಿತ್ತು. ಬೇರೆಯವರಿಗಿಂತ ಮೊದಲೇ ತಿಳಿದವನಿಗೆ ಲಾಭ. 1834ರಲ್ಲಿ ಅವರು ನಡುದಾರಿಯ ಟೂರ್ ಊರಿನ ಟೆಲಿಗ್ರಾಫ್ ನೌಕರನಿಗೆ ಲಂಚ ಕೊಟ್ಟರು. ಪ್ಯಾರಿಸ್‌ನಲ್ಲಿ ಬೆಲೆ ಏರಿತೋ ಇಳಿಯಿತೋ ಎಂಬ ಸುದ್ದಿ ಟೂರ್ ತಲುಪಿದ ಕೂಡಲೇ ಆತ ಸರ್ಕಾರಿ ಸಂದೇಶದ ನಡುವೆ ಒಂದು ತಪ್ಪು ಸಂಕೇತ ಸೇರಿಸುತ್ತಿದ್ದ. ಬೆನ್ನಿಗೇ 'ಹಿಂದಿನದು ತಪ್ಪು' ಎಂಬ ಸಂಕೇತ. ಸಂದೇಶಕ್ಕೆ ಏನೂ ಆಗುತ್ತಿರಲಿಲ್ಲ. ಆದರೆ ಬೋರ್ದೋ ಹತ್ತಿರ ಗೋಪುರ ನೋಡುತ್ತ ಕೂತವನಿಗೆ ಆ ತಪ್ಪೇ ಸುದ್ದಿ! ಟೂರ್‌ನಿಂದಲೇ ಯಾಕೆ? ಅಲ್ಲಿ ತಪ್ಪುಗಳನ್ನು ತೆಗೆದು ಸಂದೇಶವನ್ನು ಮುಂದಕ್ಕೆ ಬಿಡುತ್ತಿದ್ದರು. ಪ್ಯಾರಿಸ್‌ನಲ್ಲೇ ಸೇರಿಸಿದ್ದರೆ ದಾರಿಯಲ್ಲಿ ಅಳಿಸಿಹೋಗುತ್ತಿತ್ತು. ಎರಡು ವರ್ಷ ಹೀಗೆ ನಡೆದು 1836ರಲ್ಲಿ ಬಯಲಾಯಿತು. ಇದನ್ನು ಅಪರಾಧ ಎನ್ನುವ ಕಾನೂನೇ ಇರದ ಕಾರಣ ಸಹೋದರರಿಗೆ ಶಿಕ್ಷೆಯಾಗಲಿಲ್ಲ. 1837ರಲ್ಲಿ ಟೆಲಿಗ್ರಾಫ್ ಪೂರ್ತಿ ಸರ್ಕಾರದ್ದೇ ಎಂಬ ಕಾನೂನು ಬಂತು.

ಜಾಲ ಬೆಳೆದು 500ಕ್ಕೂ ಹೆಚ್ಚು ಗೋಪುರಗಳಾದವು. 1840ರ ದಶಕದಲ್ಲಿ ವಿದ್ಯುತ್ ಬಂದಾಗಲೂ ಫ್ರೆಂಚರು ನೇರವಾಗಿ ಮೋರ್ಸ್ ಕೋಡ್‌ಗೆ ಹೋಗಲಿಲ್ಲ. ಶಾಪ್‌ನ ತೋಳುಗಳಂತೆಯೇ ತಿರುಗುವ ಎರಡು ಸೂಜಿಗಳ ಯಂತ್ರ ಮಾಡಿಸಿಕೊಂಡರು. ನೌಕರರು ಪೂರ್ತಿ ಹೊಸ ಸಂಕೇತ ಪದ್ಧತಿ ಕಲಿಯಬೇಕಾಗಲಿಲ್ಲ.