ಸ್ವ-ಪರಿಕಲ್ಪನೆಯನ್ನು ‘ಹೆಚ್ಚಿಸಲು’ ಬರುವುದಿಲ್ಲ

“ಗ್ರಾಮೀಣ ವಿದ್ಯಾರ್ಥಿಗಳಲ್ಲಿ ಸ್ವ-ಪರಿಕಲ್ಪನೆ ಕಡಿಮೆಯಿರುತ್ತದೆ, ಅದನ್ನು ಹೆಚ್ಚಿಸಬೇಕು” ಎಂಬ ಧಾಟಿಯ ವಾಕ್ಯಗಳು ವ್ಯಕ್ತಿತ್ವ ವಿಕಸನ ಶಿಬಿರಗಳ ಕರಪತ್ರಗಳಿಂದ ಹಿಡಿದು ಪರೀಕ್ಷಾ ಗೈಡುಗಳವರೆಗೆ ಎಲ್ಲೆಡೆ ಓಡಾಡುತ್ತಿವೆ. ಹೆಚ್ಚು ಕಡಿಮೆಯಾಗುವುದು ಆತ್ಮವಿಶ್ವಾಸ ಅಥವಾ ಸ್ವಗೌರವ. ಸ್ವ-ಪರಿಕಲ್ಪನೆ ಎಂದರೆ ‘ನಾನು ಯಾರು’ ಎಂಬ ಪ್ರಶ್ನೆಗೆ ವ್ಯಕ್ತಿ ತನಗೆ ತಾನೇ ಕೊಟ್ಟುಕೊಳ್ಳುವ ಉತ್ತರ. ಆ ಉತ್ತರಕ್ಕೆ ಅವನೇ ಹಾಕಿಕೊಳ್ಳುವ ಅಂಕ ಸ್ವಗೌರವ. “ನಾನು ಮನೆಗೆ ಹಿರಿಯ ಮಗ” ಎನ್ನುವುದು ಮೊದಲನೆಯದು. “ಹಿರಿಯ ಮಗನಾಗಿ ಹುಟ್ಟಿ ಏನು ಮಾಡಿದಂತಾಯಿತು” ಎಂದು ಕೊರಗುವುದು ಎರಡನೆಯದು. ಒಂದಕ್ಕೆ ಹೂರಣವಿದೆ, ಅಳತೆಯಿಲ್ಲ, ಇನ್ನೊಂದಕ್ಕೆ ಅಳತೆಯಿದೆ.

ಇದು ಬರಿಯ ಪದಗಳ ಜಗಳವಾಗಿದ್ದರೆ ಸುಮ್ಮನಿರಬಹುದಿತ್ತು. ಕ್ಯಾಂಪಸ್ ಸಂದರ್ಶನದಲ್ಲಿ “ನಿಮ್ಮ ಬಗ್ಗೆ ಹೇಳಿ” ಎಂದಾಗ ಮನೆಗೇ ಮೊದಲ ಪದವೀಧರೆಯಾದ ಹುಡುಗಿಯೊಬ್ಬಳು “ನಮ್ಮದು ಸಿರಾ ಹತ್ತಿರ ಒಂದು ಹಳ್ಳಿ ಸಾರ್, ಅಪ್ಪ ವ್ಯವಸಾಯ, ನಾವು ಮೂರು ಜನ ಮಕ್ಕಳು” ಎಂದು ಆರಂಭಿಸುತ್ತಾಳೆ ಎಂದಿಟ್ಟುಕೊಳ್ಳಿ. ಇನ್ನೊಬ್ಬಳು “ನಾನು ಛಲಗಾರ್ತಿ, ಹೊಸದನ್ನು ಬೇಗ ಕಲಿಯುತ್ತೇನೆ” ಎನ್ನುತ್ತಾಳೆ. ತರಬೇತುದಾರರು ಮೊದಲನೆಯವಳಿಗೆ ‘ಸ್ವ-ಪರಿಕಲ್ಪನೆ ಸಾಲದು’ ಎಂದು ಷರಾ ಬರೆಯುತ್ತಾರೆ. ಅವಳಿಗೆ ತಾನು ಯಾರೆಂಬುದು ಚೆನ್ನಾಗಿಯೇ ಗೊತ್ತಿದೆ. “ಯಾವೂರಾಯ್ತು, ಯಾರ ಮಗಳು” ಎಂದು ಕೇಳಿಯೇ ಮಾತು ಶುರುಮಾಡುವ ಊರಿನಲ್ಲಿ ಬೆಳೆದವಳು ಅವಳು. ತನ್ನನ್ನು ಊರು ಮತ್ತು ಮನೆಯ ಮೂಲಕ ಗುರುತಿಸಿಕೊಳ್ಳುವುದನ್ನು ಕೊರತೆಯೆಂದು ಓದಿದವರದೇ ತಪ್ಪು.

ತನ್ನನ್ನು ಗುಣಗಳಿಂದ ಹೇಳಿಕೊಳ್ಳುವುದಕ್ಕೂ ಊರು-ಮನೆಗಳಿಂದ ಹೇಳಿಕೊಳ್ಳುವುದಕ್ಕೂ ಇರುವ ಈ ವ್ಯತ್ಯಾಸವನ್ನು ಗುರುತಿಸಲು ಒಂದು ಸರಳ ವಿಧಾನ 1954ರಿಂದಲೂ ಇದೆ. ಕೂನ್ ಮತ್ತು ಮ್ಯಾಕ್‌ಪಾರ್ಟ್‌ಲಂಡ್ ಎಂಬ ಅಮೆರಿಕದ ಸಮಾಜವಿಜ್ಞಾನಿಗಳು ‘ನಾನು ಯಾರು’ ಎಂಬುದಕ್ಕೆ 20 ಉತ್ತರ ಬರೆಸಿ, ಅವುಗಳಲ್ಲಿ ಗುಣಗಳೆಷ್ಟು, ಸಂಬಂಧ ಮತ್ತು ಸ್ಥಾನಗಳೆಷ್ಟು ಎಂದು ಲೆಕ್ಕ ಹಾಕಿದರು. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೇ ಪ್ರಶ್ನೆಯನ್ನು ಅಮೆರಿಕ ಮತ್ತು ಕೀನ್ಯಾಗಳಲ್ಲಿ ಕೇಳಿತು. ಕುಲ, ಮನೆ, ಪಾತ್ರಗಳನ್ನು ಹೇಳುವ ಉತ್ತರಗಳ ಪಾಲು ಅಮೆರಿಕದ ವಿದ್ಯಾರ್ಥಿಗಳಲ್ಲಿ ಶೇ. 12ರ ಆಸುಪಾಸು, ಕೀನ್ಯಾದ ಮಸಾಯಿ ಮತ್ತು ಸಂಬುರು ಬುಡಕಟ್ಟುಗಳ ಜನರಲ್ಲಿ ಶೇ. 80 ಅಥವಾ ಅದಕ್ಕಿಂತ ಹೆಚ್ಚು. ಇಷ್ಟನ್ನು ಓದಿ ‘ಪಾಶ್ಚಾತ್ಯರು ವ್ಯಕ್ತಿವಾದಿಗಳು, ಉಳಿದವರು ಸಮೂಹವಾದಿಗಳು’ ಎಂದು ಪುಸ್ತಕ ಮುಚ್ಚುವವರೇ ಹೆಚ್ಚು. ಕೀನ್ಯಾದ ರಾಜಧಾನಿ ನೈರೋಬಿಯಲ್ಲಿ ದುಡಿಯುವವರಲ್ಲಿ ಇಂಥ ಉತ್ತರಗಳ ಪಾಲು ಶೇ. 58, ಅಲ್ಲಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಕೇವಲ ಶೇ. 17 ಎಂಬುದನ್ನೂ ಅವರು ನೋಡಬೇಕು. ಒಂದೇ ದೇಶದೊಳಗೆ ಓದು, ನಗರ ಮತ್ತು ಕೆಲಸ ಇಷ್ಟು ಅಂತರ ತರುತ್ತವೆಂದ ಮೇಲೆ ಎಲ್ಲವನ್ನೂ ‘ಸಂಸ್ಕೃತಿ’ಯ ತಲೆಗೆ ಕಟ್ಟಲಾಗದು.

ಸಂಸ್ಕೃತಿಯ ಪಾಲೇನು ಎಂಬುದಕ್ಕೆ ನಮ್ಮ ಮೈಸೂರೇ ಸಾಕ್ಷಿ. ಜೋನ್ ಮಿಲ್ಲರ್ ಎಂಬ ಮನೋವಿಜ್ಞಾನಿ 1984ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಮೈಸೂರು ಮತ್ತು ಶಿಕಾಗೋಗಳ ಮಕ್ಕಳನ್ನೂ ದೊಡ್ಡವರನ್ನೂ ಮಾತನಾಡಿಸಿದ್ದರು. ಅದರಲ್ಲಿ ಬರುವ ಒಂದು ಘಟನೆ ಹೀಗಿದೆ: ವಕೀಲರೊಬ್ಬರ ಬೈಕ್ ಅಪಘಾತಕ್ಕೀಡಾಗುತ್ತದೆ; ಹಿಂದೆ ಕುಳಿತಿದ್ದವನನ್ನು ಆಸ್ಪತ್ರೆಗೆ ಸೇರಿಸಿ, ಗಾಯ ಎಷ್ಟು ಗಂಭೀರವೆಂದು ವೈದ್ಯರನ್ನು ವಿಚಾರಿಸದೆಯೇ ಅವರು ನ್ಯಾಯಾಲಯಕ್ಕೆ ಹೋಗುತ್ತಾರೆ; ಗಾಯಾಳು ಸಾಯುತ್ತಾನೆ. ಅಮೆರಿಕದವರು ಹೆಚ್ಚಾಗಿ ವಕೀಲನ ಬೇಜವಾಬ್ದಾರಿತನದ ಕಡೆಗೆ ಬೆರಳು ತೋರಿದರೆ, ಮೈಸೂರಿನವರು ಕಕ್ಷಿದಾರನ ಪರ ಹಾಜರಾಗಬೇಕಾದ ಅವರ ಕರ್ತವ್ಯವನ್ನೂ, ಆ ಹೊತ್ತಿನ ಗಲಿಬಿಲಿಯನ್ನೂ, ಗಾಯ ದೊಡ್ಡದೆಂದು ಕಾಣದಿದ್ದಿರಬಹುದಾದ ಸಾಧ್ಯತೆಯನ್ನೂ ಮುಂದಿಟ್ಟರು. ಚಿಕ್ಕ ಮಕ್ಕಳಲ್ಲಿ ಎರಡೂ ಊರುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ; ವಯಸ್ಸು ಏರಿದಂತೆ ಅಂತರ ಬೆಳೆಯಿತು. ಅಂದರೆ ಮನುಷ್ಯನನ್ನು ಗುಣಗಳ ಗಂಟೆಂದು ನೋಡಬೇಕೋ, ಸಂದರ್ಭಗಳ ನಡುವೆ ನಿಂತವನೆಂದು ನೋಡಬೇಕೋ ಎಂಬುದು ಹುಟ್ಟಿನಿಂದ ಬಂದದ್ದಲ್ಲ, ಕಲಿತದ್ದು. ಪರರನ್ನು ನೋಡಲು ಕಲಿತ ಕ್ರಮವೇ ತನ್ನನ್ನು ನೋಡಿಕೊಳ್ಳುವಾಗಲೂ ಕೆಲಸ ಮಾಡುತ್ತದೆ.

ಸಂಸ್ಕೃತಿಯಂತೆಯೇ ಸ್ವ-ಪರಿಕಲ್ಪನೆಯನ್ನು ರೂಪಿಸುವ ಇನ್ನೊಂದು ಸಂಗತಿ ವರ್ಗ. ಪ್ರವರ್ಗ-1, 2ಎ, 3ಬಿಗಳ ನಾಡಿನಲ್ಲಿ ಈ ಪದ ಬಂದೊಡನೆ ಮನಸ್ಸು ಮೀಸಲಾತಿ ಪಟ್ಟಿಗೆ ಹಾರುವುದು ಸಹಜ. ಇಲ್ಲಿ ಉದ್ದೇಶಿಸಿರುವುದು ಕಸುಬು, ಓದು, ವರಮಾನಗಳಿಂದ ಬರುವ ಸ್ಥಾನ. ವರ್ಗ ಸ್ವ-ಪರಿಕಲ್ಪನೆಯೊಳಗೆ ಇಳಿದಿರುವುದರ ಗುರುತು “ಅದೆಲ್ಲ ನಮ್ಮಂಥವರಿಗಲ್ಲ ಬಿಡಿ” ಎಂಬ ಮಾತು. ಇದನ್ನು ಕೀಳರಿಮೆಯೆಂದು ಕರೆಯುವ ಅವಸರ ನನಗೆ ಹಿಡಿಸದು. ಎಷ್ಟೋ ಸಲ ಅದು ಬಾಗಿಲುಗಳು ಎಲ್ಲೆಲ್ಲಿ ಮುಚ್ಚಿವೆಯೆಂದು ಬಲ್ಲವರ ಲೆಕ್ಕಾಚಾರ.

ಮಕ್ಕಳಿಗೆ ಕಲಿಸುವ ಮೌಲ್ಯಗಳ ವಿಷಯವೂ ಹಾಗೆಯೇ, ಅವುಗಳ ಹಿಂದೆಯೂ ವರ್ಗದ ಅನುಭವವಿದೆ. ಅಮೆರಿಕದ ಸಮಾಜವಿಜ್ಞಾನಿ ಮೆಲ್ವಿನ್ ಕೋನ್ ಪೋಷಕರನ್ನು ಮಾತನಾಡಿಸಿ ಕಂಡುಕೊಂಡಂತೆ, ಕಾರ್ಮಿಕ ಕುಟುಂಬಗಳು ಮಕ್ಕಳಲ್ಲಿ ವಿಧೇಯತೆಗೂ ಶಿಸ್ತಿಗೂ, ಮಧ್ಯಮ ವರ್ಗದವರು ಕುತೂಹಲಕ್ಕೂ ಸ್ವಂತ ನಿರ್ಧಾರಕ್ಕೂ ಹೆಚ್ಚು ಬೆಲೆ ಕೊಡುತ್ತಿದ್ದರು. ಕಾರಣವನ್ನು ಅವರು ಹುಡುಕಿದ್ದು ಪೋಷಕರ ಕೆಲಸದಲ್ಲಿ. ಇಡೀ ದಿನ ಸೂಪರ್‌ವೈಸರ್ ಕಣ್ಣೆದುರು, ಗಂಟೆಗಿಷ್ಟು ಪೀಸ್ ಎಂಬ ಟಾರ್ಗೆಟ್ ಹೊತ್ತು ಗಾರ್ಮೆಂಟ್ಸ್‌ನಲ್ಲಿ ಹೊಲಿದು ಬಂದ ತಾಯಿ ಮಗಳಿಗೆ “ಹೇಳಿದಷ್ಟು ಮಾಡು, ಎದುರುತ್ತರ ಕೊಡಬೇಡ” ಎನ್ನುವುದು ಹಿಂದುಳಿದ ಮನಸ್ಥಿತಿಯಿಂದಲ್ಲ. ಕೆಲಸ ಉಳಿಸಿಕೊಳ್ಳಲು ಏನು ಬೇಕೆಂಬ ಅನುಭವದಿಂದ. ಕೋನ್ ಮತ್ತು ಅವರ ಸಹೋದ್ಯೋಗಿ ಕಾರ್ಮಿ ಸ್ಕೂಲರ್ 1964ರಲ್ಲಿ ಸಂದರ್ಶಿಸಿದ್ದವರಲ್ಲಿ ಕೆಲವರನ್ನು 1974ರಲ್ಲಿ ಮತ್ತೆ ಭೇಟಿಯಾದಾಗ, ಸ್ವಂತ ಯೋಚನೆಗೆ ಎಡೆಯಿರುವ ಕೆಲಸವು ದುಡಿಯುವವರ ಯೋಚನೆಯ ಧಾಟಿಯನ್ನೇ ಕ್ರಮೇಣ ಬದಲಿಸುತ್ತದೆಂಬುದು ಕಂಡುಬಂದಿತು. ಎರಡು ಗಂಟೆಯ ಭಾಷಣದಲ್ಲಿ ಚಪ್ಪಾಳೆ ತಟ್ಟಿಸಿ ಇದನ್ನೇ ಸಾಧಿಸುವುದಾಗಿ ಹೇಳುವ ಕರಪತ್ರಗಳಿಗೆ ‘ಆತ್ಮವಿಶ್ವಾಸ’ ಎಂಬ ಪದವೇ ಸಾಕು.